ಡಿಸ್ಕ್ ಕಂಟ್ರೋಲರ್ ಕೊಳ್ಳುವ ಮುನ್ನ: ಹೆಸರು ಬಿಡಿ, ಚಿಪ್ ನೋಡಿ

ಲಿನಕ್ಸ್‌ಗೋ ಫ್ರೀಬಿಎಸ್‌ಡಿಗೋ ಡಿಸ್ಕ್ ಕಂಟ್ರೋಲರ್ (ಡಿಸ್ಕ್‌ಗಳನ್ನು ಯಂತ್ರಕ್ಕೆ ಜೋಡಿಸುವ ಕಾರ್ಡ್) ಹುಡುಕುವಾಗ ಕಣ್ಣು ಮೊದಲು ಹೋಗುವುದು ಪೆಟ್ಟಿಗೆಯ ಮೇಲಿನ ಬ್ರ್ಯಾಂಡ್ ಮತ್ತು ಪೋರ್ಟ್‌ಗಳ ಸಂಖ್ಯೆಯ ಕಡೆಗೆ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಎರಡೂ ಬೇಕಿಲ್ಲ. ಅದು ನೋಡುವುದು ಚಿಪ್‌ನ ಪಿಸಿಐ ಗುರುತು ಸಂಖ್ಯೆಯನ್ನು. ಆ ಸಂಖ್ಯೆಯನ್ನು ಒಪ್ಪಿಕೊಳ್ಳುವ ಡ್ರೈವರ್ ಇದ್ದರೆ ಡಿಸ್ಕ್ ಕಾಣುತ್ತದೆ, ಇಲ್ಲದಿದ್ದರೆ ಎಷ್ಟೇ ದುಬಾರಿ ಕಾರ್ಡಾದರೂ ಸ್ಲಾಟ್‌ನಲ್ಲಿ ಸುಮ್ಮನೆ ಬಿಸಿಯಾಗುತ್ತಾ ಕೂತಿರುತ್ತದೆ.

ಎಲ್‌ಎಸ್‌ಐ 9211-8ಐ, ಐಬಿಎಂ ಎಂ1015, ಡೆಲ್ ಎಚ್200 ಮೂರೂ ಬೇರೆ ಬೇರೆ ಹೆಸರಿನ ಕಾರ್ಡ್‌ಗಳು. ಮೂರರಲ್ಲೂ ಇರುವುದು ಸ್ಯಾಸ್2008 ಎಂಬ ಒಂದೇ ಚಿಪ್. ಅಗ್ಗದ ಸಾಟಾ (ಸಾಮಾನ್ಯ ಕಂಪ್ಯೂಟರ್‌ಗಳ ಡಿಸ್ಕ್ ಸಂಪರ್ಕ) ಕಾರ್ಡ್‌ಗಳ ಕಥೆ ಇದಕ್ಕೆ ತಿರುವುಮುರುವು. ಹೆಸರು, ಚಿತ್ರ ಎಲ್ಲ ಹಾಗೇ ಇರುತ್ತದೆ, ಒಳಗಿನ ಚಿಪ್ ಬದಲಾಗಿರುತ್ತದೆ. ಆದ್ದರಿಂದ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಹೀಟ್‌ಸಿಂಕ್ ಕೆಳಗಿರುವ ಚಿಪ್ ಯಾವುದು? ಇದಕ್ಕೆ ನೇರ ಉತ್ತರ ಬರದಿದ್ದರೆ ಆ ಕಾರ್ಡ್ ಬೇಡ.

ಚಿಪ್ ಗೊತ್ತಾದ ಮೇಲೆ ಡ್ರೈವರ್ ಇದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ. ಲಿನಕ್ಸ್‌ನಲ್ಲಿ ಕರ್ನಲ್ ಮಾಡ್ಯೂಲ್‌ಗಳ ಡೈರೆಕ್ಟರಿಯಲ್ಲಿ ಮಾಡ್ಯೂಲ್ಸ್.ಅಲಿಯಾಸ್ ಎಂಬ ಕಡತವಿದೆ. ಅದರಲ್ಲಿ ತಯಾರಕರ ಸಂಖ್ಯೆಯನ್ನೂ ಸಾಧನದ ಸಂಖ್ಯೆಯನ್ನೂ ಹುಡುಕಿ. ಸ್ಯಾಸ್2008ಕ್ಕೆ 1000:0072, ಸ್ಯಾಸ್2308ಕ್ಕೆ 1000:0087, ಸ್ಯಾಸ್3008ಕ್ಕೆ 1000:0097. ಫ್ರೀಬಿಎಸ್‌ಡಿಯಲ್ಲಾದರೆ ಆಯಾ ಬಿಡುಗಡೆಯ ಹಾರ್ಡ್‌ವೇರ್ ಟಿಪ್ಪಣಿಗಳನ್ನು, ಜೊತೆಗೆ ಕೈಪಿಡಿಯ 4ನೇ ವಿಭಾಗದಲ್ಲಿರುವ ಡ್ರೈವರ್ ಪುಟವನ್ನು ಓದಿ. ಓಪನ್‌ಬಿಎಸ್‌ಡಿಯಲ್ಲೂ ಕೈಪಿಡಿಯೇ ಪ್ರಮಾಣ, ಅಲ್ಲಿ ಹೆಸರಿಲ್ಲದ ಕಾರ್ಡ್ ನಡೆಯಬಹುದು ಎಂದು ಊಹಿಸಿ ಕೊಳ್ಳಬೇಡಿ.

ಇಲ್ಲೊಂದು ಎಡವಟ್ಟು ಆಗುವುದುಂಟು. ಮೂಲ ಲಿನಕ್ಸ್ ಕರ್ನಲ್‌ನಲ್ಲಿ ಡ್ರೈವರ್ ಇದೆ ಎಂದ ಮಾತ್ರಕ್ಕೆ ನಿಮ್ಮ ವಿತರಣೆಯಲ್ಲೂ ಇದೆ ಎಂದಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಬಂದಾಗ ಹಳೆಯ ಕಂಟ್ರೋಲರ್‌ಗಳ ಗುರುತು ಸಂಖ್ಯೆಗಳನ್ನು ಎಂಪಿಟಿ3ಸ್ಯಾಸ್, ಮೆಗಾರೇಡ್_ಸ್ಯಾಸ್ ಡ್ರೈವರ್‌ಗಳಿಂದ ತೆಗೆದುಹಾಕಿದರು. ಸ್ಯಾಸ್2008 ಕೂಡ ಅದರಲ್ಲಿ ಹೋಯಿತು. 7ರಲ್ಲಿ ಚೆನ್ನಾಗಿ ಓಡುತ್ತಿದ್ದ ಯಂತ್ರದಲ್ಲಿ 8ರ ಅನುಸ್ಥಾಪಕಕ್ಕೆ ಒಂದು ಡಿಸ್ಕೂ ಕಾಣದೇ ಹೋಗುವುದು ಇದರಿಂದಲೇ. ಇಎಲ್‌ರೆಪೋ ಭಂಡಾರದ ಹೆಚ್ಚುವರಿ ಮಾಡ್ಯೂಲ್ ಹಾಕಿ ಅದನ್ನು ನಡೆಸಬಹುದು. ಆದರೆ ಬೂಟ್ ಡಿಸ್ಕೇ ಆ ಕಾರ್ಡ್‌ನಲ್ಲಿದ್ದರೆ ಪ್ರತಿ ಕರ್ನಲ್ ನವೀಕರಣವೂ ಎದೆ ಹೊಡೆದುಕೊಳ್ಳುವ ಕೆಲಸವಾಗುತ್ತದೆ.

ಕಾರ್ಡ್ ನಿಜಕ್ಕೂ ಬೇಕೇ?

ಮದರ್‌ಬೋರ್ಡ್‌ನಲ್ಲಿರುವ ಸಾಟಾ ಪೋರ್ಟ್‌ಗಳು ಸಾಮಾನ್ಯವಾಗಿ ಎಎಚ್‌ಸಿಐ ಮಾನದಂಡದವು. ಲಿನಕ್ಸ್, ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿ ಎಲ್ಲದರಲ್ಲೂ ಇದಕ್ಕೆ ವರ್ಷಗಳಿಂದ ಪಳಗಿದ ಡ್ರೈವರ್ ಇದೆ, ಫರ್ಮ್‌ವೇರ್ (ಕಾರ್ಡ್‌ನ ಒಳಗೇ ಓಡುವ ತಂತ್ರಾಂಶ) ತಲೆನೋವಿಲ್ಲ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ಮಾಹಿತಿ ನೇರವಾಗಿ ಸಿಗುತ್ತದೆ. ಆರು ಡಿಸ್ಕ್ ಸಾಕು, ಬೋರ್ಡ್‌ನಲ್ಲಿ ಆರು ಪೋರ್ಟ್ ಇದೆ ಎನ್ನುವವರು ಇನ್ನೇನೂ ಕೊಳ್ಳಬೇಕಿಲ್ಲ. ಆದರೆ ಬೋರ್ಡ್‌ನ ಕೈಪಿಡಿ ನೋಡಿ: ಎಂ.2 ಸ್ಲಾಟ್‌ನಲ್ಲಿ ಎಸ್‌ಎಸ್‌ಡಿ ಕೂರಿಸಿದೊಡನೆ ಒಂದೆರಡು ಸಾಟಾ ಪೋರ್ಟ್ ಸತ್ತುಹೋಗುವ ಬೋರ್ಡ್‌ಗಳು ಬಹಳ.

ಬಯೋಸ್‌ನಲ್ಲಿ ಸಾಟಾ ವಿಧಾನವನ್ನು ಎಎಚ್‌ಸಿಐಗೆ ಇಡಿ. ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ವಿಧಾನ) ಅಥವಾ ಆರ್‌ಎಸ್‌ಟಿ ಎಂಬ ಆಯ್ಕೆ ಹೆಸರಿಗೆ ಮಾತ್ರ ಹಾರ್ಡ್‌ವೇರ್ ರೇಡ್, ಒಳಗೆ ಕೆಲಸ ಮಾಡುವುದು ತಂತ್ರಾಂಶವೇ. ಅದಕ್ಕಿಂತ ಲಿನಕ್ಸ್‌ನ ತಂತ್ರಾಂಶ ರೇಡ್ ಆದ ಎಂಡಿ ಅಥವಾ ಡಿಸ್ಕ್‌ಗಳನ್ನು ತಾನೇ ಒಟ್ಟುಗೂಡಿಸುವ ಕಡತ ವ್ಯವಸ್ಥೆ ಝಡ್‌ಎಫ್‌ಎಸ್ ಎಷ್ಟೋ ಮೇಲು. ಇಂಟೆಲ್ ಬೋರ್ಡ್‌ಗಳಲ್ಲಿ ಈ ಆಯ್ಕೆ ಎನ್‌ವಿಎಂಇ ಡಿಸ್ಕನ್ನು (ಪಿಸಿಐ ಎಕ್ಸ್‌ಪ್ರೆಸ್‌ಗೆ ನೇರವಾಗಿ ಕೂರುವ ಎಸ್‌ಎಸ್‌ಡಿ) ಸಾಟಾ ಕಂಟ್ರೋಲರ್‌ನ ಹಿಂದೆ ಬಚ್ಚಿಡುವುದೂ ಉಂಟು. ಅನುಸ್ಥಾಪಕಕ್ಕೆ ಡಿಸ್ಕ್ ಕಾಣದೆ ಬರೀ ಪೆನ್‌ಡ್ರೈವ್ ಕಂಡರೆ ಕರ್ನಲ್ ಸಂದೇಶಗಳನ್ನು ಓದಿ. ಎನ್‌ವಿಎಂಇ ಸಾಧನ ಬೇರೆಡೆಗೆ ಹೋಗಿದೆ, ಬಯೋಸ್‌ನಲ್ಲಿ ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿ ಎಂದು ಲಿನಕ್ಸ್‌ನ ಎಎಚ್‌ಸಿಐ ಡ್ರೈವರ್ ತಾನೇ ಹೇಳುತ್ತದೆ. ಅದೇ ಯಂತ್ರದಲ್ಲಿ ವಿಂಡೋಸ್ ಇದ್ದರೆ ಮಾತ್ರ ಜೋಪಾನ, ಮುಂಚಿತವಾಗಿ ತಯಾರಿ ಮಾಡದೆ ಬದಲಿಸಿದರೆ ಅದು ಬೂಟ್ ಆಗುವುದಿಲ್ಲ.

ಎರಡರಿಂದ ಆರು ಡಿಸ್ಕ್ ಹೆಚ್ಚಿಗೆ ಬೇಕೆಂದರೆ

ಇಲ್ಲಿ ಎಎಚ್‌ಸಿಐ ಮಾದರಿಯ ಸಣ್ಣ ಸಾಟಾ ಕಾರ್ಡ್ ಸಾಕು. ನೋಡಬೇಕಾದ ಚಿಪ್‌ಗಳು ಬೆರಳೆಣಿಕೆಯಷ್ಟೇ. ಎಎಸ್‌ಮೀಡಿಯಾದ ಎಎಸ್‌ಎಂ1064 ನಾಲ್ಕು ಪೋರ್ಟ್‌ನದು, ಪಿಸಿಐ ಎಕ್ಸ್‌ಪ್ರೆಸ್ 3.0ರ ಒಂದು ಲೇನ್ (ಡೇಟಾ ಹರಿಯುವ ದಾರಿ) ಬಳಸುತ್ತದೆ. ಎಎಸ್‌ಎಂ1166ರಲ್ಲಿ ಆರು ಪೋರ್ಟ್, ಎರಡು ಲೇನ್. ಜೆಮೈಕ್ರಾನ್‌ನ ಜೆಎಂಬಿ585ರಲ್ಲಿ ಐದು ಪೋರ್ಟ್, ಅದೂ ಎರಡು ಲೇನ್. ಹೊಸದಾಗಿ ಕೊಳ್ಳುವುದಾದರೆ ಎಎಸ್‌ಎಂ1166 ಒಳ್ಳೆಯ ಆಯ್ಕೆ. ಆದರೆ ಹಳೆಯ ಫರ್ಮ್‌ವೇರ್ ಇರುವ ಈ ಚಿಪ್ ತನ್ನಲ್ಲಿ 32 ಪೋರ್ಟ್ ಇದೆ ಎಂದು ಹೇಳಿಕೊಳ್ಳುತ್ತದೆ. ಇಲ್ಲದ ಪೋರ್ಟ್‌ಗಳನ್ನೆಲ್ಲ ಕರ್ನಲ್ ತಟ್ಟಿ ನೋಡುವುದರಿಂದ ಬೂಟ್ ನಿಧಾನವಾಗುತ್ತದೆ, ಲಿಂಕ್ ಡೌನ್ ಎಂಬ ಸಾಲುಗಳು ಲಾಗ್ ತುಂಬ ಕಾಣುತ್ತವೆ. ಗಾಬರಿ ಬೇಡ, ಡೇಟಾಕ್ಕೆ ಅದರಿಂದ ಹಾನಿಯಿಲ್ಲ.

ಮಾರ್ವೆಲ್‌ನ 88ಎಸ್‌ಇ91 ಸರಣಿ ಮತ್ತು 88ಎಸ್‌ಇ9230 ಹಳೆಯ ಕಾರ್ಡ್‌ಗಳಲ್ಲಿ ಇನ್ನೂ ಸಿಗುತ್ತವೆ. ಇವು ತಮ್ಮ ಡಿಎಂಎ ವಿನಂತಿಗಳನ್ನು (ಪ್ರೊಸೆಸರ್ ನಡುವೆ ಬರದೆ ಸ್ಮೃತಿಯನ್ನು ನೇರ ಮುಟ್ಟುವ ಕೋರಿಕೆಗಳು) ಇಲ್ಲದ ಎರಡನೇ ಸಾಧನದ ಹೆಸರಿನಲ್ಲಿ ಕಳಿಸುವ ಚಾಳಿಯವು. ಸಾಧನಗಳು ಸ್ಮೃತಿ ಮುಟ್ಟುವುದನ್ನು ಕಾಯುವ ಐಒಎಂಎಂಯು ಚಾಲೂ ಇದ್ದರೆ ಅಂಥ ವಿನಂತಿಯನ್ನು ಅದು ತಡೆಯುತ್ತದೆ, ಡಿಸ್ಕ್ ಮಾಯವಾಗುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆಂದೇ ತೇಪೆ ಇದೆ, ಆದರೂ ವರ್ಚುವಲ್ ಯಂತ್ರ ಓಡಿಸುವ ಉದ್ದೇಶವಿದ್ದರೆ ಈ ಚಿಪ್‌ಗಳ ಸಹವಾಸ ಬೇಡ.

ಹತ್ತು, ಹದಿನಾರು, ಇಪ್ಪತ್ತು ಸಾಟಾ ಪೋರ್ಟ್ ಇರುವ, ಒಂದೇ ಲೇನ್‌ನ ಉದ್ದನೆಯ ಕಾರ್ಡ್‌ಗಳನ್ನು ಕಂಡಿರಬಹುದು. ಅಷ್ಟು ಪೋರ್ಟ್ ಕೊಡುವ ಎಎಚ್‌ಸಿಐ ಚಿಪ್ ಅದರಲ್ಲಿ ಇರುವುದಿಲ್ಲ. ಒಂದು ಸಣ್ಣ ಕಂಟ್ರೋಲರ್ ಹಾಕಿ, ಅದರ ಪೋರ್ಟ್‌ಗಳಿಗೆ ಜೆಎಂಬಿ575ರಂಥ ಪೋರ್ಟ್ ಮಲ್ಟಿಪ್ಲೈಯರ್ ಕೂರಿಸಿ, ಒಂದನ್ನು ಐದಾಗಿ ಹಂಚಿರುತ್ತಾರೆ. ವೇಗ ಹಂಚಿಹೋಗುವುದು ಇದರ ಸಣ್ಣ ದೋಷ. ದೊಡ್ಡದು ಬೇರೆ ಇದೆ: ಐದರಲ್ಲಿ ಒಂದು ಡಿಸ್ಕ್ ಮುಷ್ಕರ ಹೂಡಿದಾಗ ಕರ್ನಲ್ ಲಿಂಕ್ ರೀಸೆಟ್ ಮಾಡುತ್ತದೆ, ಆಗ ಉಳಿದ ನಾಲ್ಕೂ ಒಟ್ಟಿಗೆ ತತ್ತರಿಸುತ್ತವೆ. ಒಂದು ಡಿಸ್ಕ್ ಹೋದರೂ ತಾಳಬೇಕಾದ ರೇಡ್ ಒಮ್ಮೆಲೇ ಐದು ಡಿಸ್ಕ್ ಕಳೆದುಕೊಂಡು ಕೈಚೆಲ್ಲುತ್ತದೆ. ಇಂಟೆಲ್ ಚಿಪ್‌ಸೆಟ್‌ನ ಪೋರ್ಟ್‌ಗಳಿಗೆ ಮಲ್ಟಿಪ್ಲೈಯರ್ ಹಚ್ಚಿದರೆ ಮೊದಲ ಡಿಸ್ಕ್ ಮಾತ್ರ ಕಾಣುವುದೂ ಸಾಮಾನ್ಯ. ಕಾರ್ಡ್‌ನ ಫೋಟೊದಲ್ಲಿ ಚಿಪ್‌ಗಳನ್ನು ಎಣಿಸಿ. ಎರಡಕ್ಕಿಂತ ಹೆಚ್ಚು ಕಪ್ಪು ಚೌಕಗಳು ಸಾಲಾಗಿ ಕೂತಿದ್ದರೆ ಅದು ಇದೇ ಜಾತಿ.

ಲೇನ್ ಲೆಕ್ಕ

ಪಿಸಿಐ ಎಕ್ಸ್‌ಪ್ರೆಸ್ 2.0ರಲ್ಲಿ ಒಂದು ಲೇನ್ ಸೆಕೆಂಡಿಗೆ 500 ಮೆಗಾಬೈಟ್, 3.0ರಲ್ಲಿ ಸುಮಾರು 985, 4.0ರಲ್ಲಿ ಅದರ ಎರಡರಷ್ಟು. ಇವು ಕಾಗದದ ಮೇಲಿನ ಅಂಕಿಗಳು, ಕೈಗೆ ಸಿಗುವುದು ಶೇ. 80ರ ಆಸುಪಾಸು. ಇಂದಿನ ದೊಡ್ಡ ತಿರುಗುವ ಡಿಸ್ಕ್ ಹೊರ ಅಂಚಿನಲ್ಲಿ 250 ಮೆಗಾಬೈಟ್ ದಾಟುತ್ತದೆ.

ದಿನನಿತ್ಯದ ಕಡತ ಹಂಚಿಕೆಗೆ ಇದು ತಲೆ ಕೆಡಿಸಿಕೊಳ್ಳುವ ವಿಷಯವಲ್ಲ, ನಿಮ್ಮ ನೆಟ್‌ವರ್ಕ್ ಅದಕ್ಕಿಂತ ನಿಧಾನ. ಬಿಸಿ ತಟ್ಟುವುದು ಎಲ್ಲ ಡಿಸ್ಕ್‌ಗಳನ್ನು ಒಟ್ಟಿಗೆ ಓದುವಾಗ: ಝಡ್‌ಎಫ್‌ಎಸ್ ಸ್ಕ್ರಬ್‌ನಲ್ಲಿ (ಎಲ್ಲ ಡೇಟಾ ಓದಿ ಸರಿಯಿದೆಯೇ ಎಂದು ನೋಡುವ ಕೆಲಸ), ಕೆಟ್ಟ ಡಿಸ್ಕ್ ಬದಲಿಸಿ ಮರುಕಟ್ಟುವಾಗ. ತುಂಬಿದ 12 ಟೆರಾಬೈಟ್ ಡಿಸ್ಕನ್ನು ಸರಾಸರಿ 200 ಮೆಗಾಬೈಟ್ ವೇಗದಲ್ಲಿ ಓದಲು ಸುಮಾರು 17 ಗಂಟೆ ಬೇಕು. ನಾಲ್ಕು ಪೋರ್ಟ್‌ನ 88ಎಸ್‌ಇ9215 ಕಾರ್ಡ್ 2.0ರ ಒಂದೇ ಲೇನ್‌ನದು, ನಾಲ್ಕೂ ಡಿಸ್ಕ್ ದುಡಿಯುವಾಗ ಒಂದೊಂದಕ್ಕೆ 100 ಮೆಗಾಬೈಟ್ ದಕ್ಕಿದರೆ ಹೆಚ್ಚು. ಅದೇ ಕೆಲಸ 33 ಗಂಟೆಗೆ ಎಳೆಯುತ್ತದೆ. ಪೂಲ್ (ಒಟ್ಟುಗೂಡಿಸಿದ ಡಿಸ್ಕ್‌ಗಳ ಗುಂಪು) ಅಂಗಹೀನವಾಗಿ ಓಡುವ ಸಮಯ ಇಮ್ಮಡಿಯಾಯಿತು, ಅಷ್ಟರಲ್ಲಿ ಇನ್ನೊಂದು ಡಿಸ್ಕ್ ಕೈಕೊಡುವ ಸಂಭವವೂ ಅದರೊಂದಿಗೆ ಬೆಳೆಯಿತು.

ಸ್ಲಾಟ್‌ನ ಉದ್ದ ನೋಡಿ ಮೋಸಹೋಗಬೇಡಿ. ಹದಿನಾರು ಲೇನ್‌ನ ಉದ್ದವಿದ್ದು ಒಳಗೆ ನಾಲ್ಕೇ ಲೇನ್ ಜೋಡಿಸಿರುವ ಸ್ಲಾಟ್‌ಗಳು ಹಲವು ಬೋರ್ಡ್‌ಗಳಲ್ಲಿ ಇವೆ. ಎಂಟು ಲೇನ್‌ನ ಸ್ಯಾಸ್2008 ಕಾರ್ಡ್ ಅಂಥ ಸ್ಲಾಟ್‌ನಲ್ಲಿ ಓಡುತ್ತದೆ, ಆದರೆ 2.0ರ ನಾಲ್ಕು ಲೇನ್ ಎಂದರೆ ಒಟ್ಟು 2,000, ಎಂಟು ಡಿಸ್ಕ್‌ಗೆ ಹಂಚಿದರೆ ತಲಾ 250. ತಿರುಗುವ ಡಿಸ್ಕ್‌ಗೆ ಇದು ನಡೆದೀತು, ಸಾಟಾ ಎಸ್‌ಎಸ್‌ಡಿಗಳಿಗೆ ನಡೆಯದು.

ಎಂಟು ಡಿಸ್ಕ್‌ನಿಂದ ಮೇಲಕ್ಕೆ: ಎಚ್‌ಬಿಎ

ಇಲ್ಲಿ ನಮ್ಮ ಸಲಹೆ ನೇರ: ರೇಡ್ ಮಾಡದ, ಡಿಸ್ಕನ್ನು ಇದ್ದಂತೆ ಮುಂದಿಡುವ ಸ್ಯಾಸ್ ಎಚ್‌ಬಿಎ. ಸ್ಯಾಸ್ ಎಂಬುದು ಸರ್ವರ್ ದರ್ಜೆಯ ಡಿಸ್ಕ್ ಸಂಪರ್ಕ. ಸ್ಯಾಸ್ ಕಂಟ್ರೋಲರ್‌ಗೆ ಸಾಟಾ ಡಿಸ್ಕ್ ಹಚ್ಚಬಹುದು, ಸಾಟಾ ಪೋರ್ಟ್‌ಗೆ ಸ್ಯಾಸ್ ಡಿಸ್ಕ್ ಹಚ್ಚಲಾಗದು.

ಎಲ್‌ಎಸ್‌ಐ, ಈಗಿನ ಬ್ರಾಡ್‌ಕಾಮ್, ಈ ಜಾಗವನ್ನು ಬಹುಕಾಲದಿಂದ ಆಳುತ್ತಿದೆ. ಸ್ಯಾಸ್2008 ಇರುವ 9211-8ಐ ಹಳೆಯದು, 6 ಗಿಗಾಬಿಟ್, ಪಿಸಿಐ ಎಕ್ಸ್‌ಪ್ರೆಸ್ 2.0. ಸ್ಯಾಸ್2308 ಇರುವ 9207-8ಐ ಅದರದೇ ಮುಂದಿನ ರೂಪ, 3.0 ಸ್ಲಾಟ್‌ನದು. ಸ್ಯಾಸ್3008 ಇರುವ 9300-8ಐ 12 ಗಿಗಾಬಿಟ್‌ನದು. ಲಿನಕ್ಸ್‌ನಲ್ಲಿ ಮೂರಕ್ಕೂ ಎಂಪಿಟಿ3ಸ್ಯಾಸ್ ಡ್ರೈವರ್. ಫ್ರೀಬಿಎಸ್‌ಡಿಯಲ್ಲಿ ಮೊದಲೆರಡಕ್ಕೆ ಎಂಪಿಎಸ್, ಮೂರನೆಯದಕ್ಕೆ ಎಂಪಿಆರ್. ಓಪನ್‌ಬಿಎಸ್‌ಡಿಯಲ್ಲಿ ಮೂರಕ್ಕೂ ಎಂಪಿಐಐ. ಈಗ ಕೊಳ್ಳುವುದಾದರೆ 9300-8ಐ ಅಥವಾ ಅದೇ ಚಿಪ್‌ನ ಡೆಲ್ ಎಚ್‌ಬಿಎ330 ನೋಡಿ. 9211 ಕೈಯಲ್ಲಿದ್ದರೆ ಎಸೆಯಬೇಕಿಲ್ಲ, ಹೊಸದಾಗಿ ತರಬೇಕಾಗಿಯೂ ಇಲ್ಲ.

ಹದಿನಾರು ಪೋರ್ಟ್ ಬೇಕಾದವರು 9300-16ಐ ಮತ್ತು 9305-16ಐ ನಡುವೆ ಗೊಂದಲಕ್ಕೆ ಬೀಳುತ್ತಾರೆ. 9300-16ಐ ಎಂದರೆ ಎರಡು ಸ್ಯಾಸ್3008 ಚಿಪ್‌ಗಳನ್ನು ಒಂದು ಪಿಸಿಐ ಸ್ವಿಚ್‌ನ ಹಿಂದೆ ಕೂರಿಸಿದ ಕಾರ್ಡ್, ಪ್ರತ್ಯೇಕ ವಿದ್ಯುತ್ ಸಂಪರ್ಕವೂ ಇದೆ, ಕೆಂಡದಂತೆ ಕಾಯುತ್ತದೆ. 9305-16ಐ ಒಂದೇ ಚಿಪ್‌ನದು. ಎರಡನೆಯದನ್ನೇ ಆರಿಸಿ.

9400, 9500 ಸರಣಿಗಳೂ ಎಂಪಿಟಿ3ಸ್ಯಾಸ್ ಮತ್ತು ಎಂಪಿಆರ್ ಡ್ರೈವರ್‌ಗಳಲ್ಲೇ ಓಡುತ್ತವೆ. 9600 ಸರಣಿಗೆ ಬಂದಾಗ ಹುಷಾರು: ಅದಕ್ಕೆ ಎಂಪಿಐ3ಎಂಆರ್ ಎಂಬ ಬೇರೆಯೇ ಡ್ರೈವರ್ ಬೇಕು. ಅದು ಲಿನಕ್ಸ್‌ಗೆ ಸೇರಿದ್ದು 2021ರ 5.14ರಲ್ಲಿ. ಅದಕ್ಕಿಂತ ಹಳೆಯ ಕರ್ನಲ್‌ನ ವಿತರಣೆಯಲ್ಲಿ, ವಿತರಕರೇ ಆ ಡ್ರೈವರನ್ನು ಹಿಂದಕ್ಕೆ ತಂದು ಸೇರಿಸಿರದಿದ್ದರೆ, ಆ ಕಾರ್ಡ್ ಇದ್ದೂ ಇಲ್ಲದಂತೆ. ಹೊಸ ಕಾರ್ಡ್ ಎಂದರೆ ಉತ್ತಮ ಕಾರ್ಡ್ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತದ್ವಿರುದ್ಧವಾಗಿ ತೀರ ಹಳೆಯ ಸ್ಯಾಸ್1068ಇ ಕಾರ್ಡ್‌ಗಳು 2 ಟೆರಾಬೈಟ್‌ಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ನೋಡಲಾರವು. ಪುಕ್ಕಟೆ ಸಿಕ್ಕರೂ ಬೇಡ.

ರೇಡ್ ಕಾರ್ಡ್ ಯಾಕೆ ಬೇಡ ಎನ್ನುತ್ತೇವೆ

ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಎಂಡಿ ಇವೆಲ್ಲ ಡಿಸ್ಕ್ ಜೊತೆ ನೇರ ಮಾತುಕತೆ ಬಯಸುತ್ತವೆ. ಬರೆದದ್ದು ಡಿಸ್ಕ್ ತಲುಪಿತೇ, ಯಾವ ಕ್ರಮದಲ್ಲಿ ತಲುಪಿತು, ಓದುವಾಗ ದೋಷ ಬಂತೇ ಎಂಬುದೆಲ್ಲ ಅವಕ್ಕೆ ಗೊತ್ತಾಗಬೇಕು. ರೇಡ್ ಕಾರ್ಡ್ ನಡುವೆ ನಿಂತು ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಂಡು, ಬರೆದಾಯಿತು ಎಂದು ಹೇಳಿಬಿಡುತ್ತದೆ. ಆ ಕ್ಯಾಶ್ ಕಾಯುವ ಬ್ಯಾಟರಿ ಸತ್ತಿದ್ದು, ಆ ಕ್ಷಣದಲ್ಲೇ ಕರೆಂಟ್ ಹೋದರೆ, ಕಡತ ವ್ಯವಸ್ಥೆ ನಂಬಿಕೊಂಡಿದ್ದ ಕೊನೆಯ ಬರಹಗಳು ಇಲ್ಲವಾಗುತ್ತವೆ.

ಪ್ರತಿ ಡಿಸ್ಕನ್ನು ಒಂಟಿ ರೇಡ್-0 ಮಾಡಿ ಝಡ್‌ಎಫ್‌ಎಸ್‌ಗೆ ಕೊಡುವ ಉಪಾಯ ಬಹಳ ಕಡೆ ಚಾಲ್ತಿಯಲ್ಲಿದೆ. ಮೊದಲ ದಿನ ಸರಿಯಾಗಿಯೇ ಓಡುತ್ತದೆ. ತೊಡಕು ಕಾಣುವುದು ಡಿಸ್ಕ್ ಕೆಟ್ಟ ದಿನ. ಹೊಸ ಡಿಸ್ಕ್ ತೂರಿಸಿದರೆ ಸಾಲದು, ಕಾರ್ಡ್‌ನ ಉಪಕರಣದಲ್ಲಿ ಹೊಸ ವರ್ಚುವಲ್ ಡಿಸ್ಕ್ ರಚಿಸಬೇಕು, ಕ್ಯಾಶ್ ನೀತಿಯನ್ನು ಮತ್ತೆ ಹೇಳಬೇಕು. ಆ ಉಪಕರಣವೋ ಮುಕ್ತ ತಂತ್ರಾಂಶವಲ್ಲ. ಸ್ಮಾರ್ಟ್ ಓದಲು ಸ್ಮಾರ್ಟ್‌ಸಿಟಿಎಲ್‌ಗೆ ಮೆಗಾರೇಡ್ ಎಂದೂ ಡಿಸ್ಕ್‌ನ ಕ್ರಮಸಂಖ್ಯೆಯನ್ನೂ ಪ್ರತ್ಯೇಕವಾಗಿ ಹೇಳಬೇಕು. ಕಾರ್ಡೇ ಸತ್ತರೆ ಅದೇ ಕುಟುಂಬದ ಇನ್ನೊಂದನ್ನು ಹುಡುಕಬೇಕು.

ಸರ್ವರ್ ಜೊತೆ ರೇಡ್ ಕಾರ್ಡ್ ಬಂದೇಬಿಟ್ಟಿದೆ, ಬದಲಿಸಲು ಆಗದು ಎಂದಾದರೆ ಎಚ್‌ಬಿಎ ವಿಧಾನವಿದೆಯೇ ನೋಡಿ. ಡೆಲ್ ಎಚ್730, ಎಚ್‌ಪಿ ಪಿ440ಎಆರ್ ಮುಂತಾದವುಗಳಲ್ಲಿದೆ. ಎಚ್‌ಪಿ ಪಿ420ರಲ್ಲೂ ಇದೆ, ಆದರೆ ಆ ವಿಧಾನಕ್ಕೆ ತಿರುಗಿಸಿದ ಮೇಲೆ ಅದರಲ್ಲಿರುವ ಡಿಸ್ಕ್‌ನಿಂದ ಬೂಟ್ ಆಗುವುದಿಲ್ಲ. ವಿಧಾನ ಬದಲಿಸಿದರೆ ಈಗಿರುವ ರೇಡ್ ಸಂರಚನೆ ಅಳಿಯುತ್ತದೆ, ಡೇಟಾ ಮೊದಲೇ ಬೇರೆಡೆಗೆ ತೆಗೆದಿಡಿ. ಫ್ರೀಬಿಎಸ್‌ಡಿಯಲ್ಲಿ 2208 ಚಿಪ್‌ನ ಮೆಗಾರೇಡ್ ಕಾರ್ಡನ್ನು ಎಂಎಫ್‌ಐ ಡ್ರೈವರ್ ಮೊದಲು ಹಿಡಿದುಕೊಳ್ಳುತ್ತದೆ. ಎಂಆರ್‌ಸ್ಯಾಸ್ ಡ್ರೈವರ್‌ಗೆ ಅದನ್ನು ಬಿಟ್ಟುಕೊಡಲು ಎಚ್‌ಡಬ್ಲ್ಯೂ.ಎಂಎಫ್‌ಐ.ಎಂಆರ್‌ಸ್ಯಾಸ್_ಎನೇಬಲ್ ಎಂಬುದನ್ನು 1 ಮಾಡಬೇಕು. ಡಿಸ್ಕ್‌ಗಳ ಹೆಸರು ಆಗ ಬದಲಾಗುತ್ತದೆ, ಹಾಗಾಗಿ ಮೊದಲೇ ಲೇಬಲ್ ಆಧಾರದ ಮೌಂಟ್‌ಗೆ ಹೋಗಿರಿ.

ಹಾಗಾದರೆ ಹಾರ್ಡ್‌ವೇರ್ ರೇಡ್‌ಗೆ ಜಾಗವೇ ಇಲ್ಲವೇ? ಇದೆ. ಎಕ್ಸ್‌ಎಫ್‌ಎಸ್, ಇಎಕ್ಸ್‌ಟಿ4 ಅಥವಾ ಯುಎಫ್‌ಎಸ್ ಬಳಸುವವರು, ಫ್ಲ್ಯಾಶ್ ಬೆಂಬಲದ ಕ್ಯಾಶ್ ಇರುವ ಕಾರ್ಡನ್ನು, ಕಪಾಟಿನಲ್ಲಿ ಅದೇ ಮಾದರಿಯ ಇನ್ನೊಂದನ್ನು ಇಟ್ಟುಕೊಂಡು ಬಳಸಿದರೆ ಆಕ್ಷೇಪವಿಲ್ಲ. ಓಪನ್‌ಬಿಎಸ್‌ಡಿಯಲ್ಲಿ ಬಯೋಸಿಟಿಎಲ್ ಎಂಬ ಒಂದೇ ಉಪಕರಣ ಹಲವು ತಯಾರಕರ ರೇಡ್ ಕಾರ್ಡ್‌ಗಳ ಸ್ಥಿತಿ ತೋರಿಸುತ್ತದೆ, ಆ ಅನುಕೂಲ ಉಳಿದೆಡೆ ಕಡಿಮೆ.

ಫರ್ಮ್‌ವೇರ್: ಐಆರ್‌ನಿಂದ ಐಟಿಗೆ

ಎಲ್‌ಎಸ್‌ಐ ಎಚ್‌ಬಿಎಗಳಿಗೆ ಎರಡು ಬಗೆಯ ಫರ್ಮ್‌ವೇರ್. ಐಆರ್‌ನಲ್ಲಿ ಸರಳ ರೇಡ್ ಇರುತ್ತದೆ, ಐಟಿಯಲ್ಲಿ ಇರುವುದಿಲ್ಲ. ನಮಗೆ ಬೇಕಾದದ್ದು ಐಟಿ. ಸ್ಯಾಸ್2008, ಸ್ಯಾಸ್2308ಕ್ಕೆ 20.00.07.00 ಆವೃತ್ತಿ ಹಾಕಿ. 20ರ ಸರಣಿಯ ಆರಂಭದ ಆವೃತ್ತಿಗಳಲ್ಲಿ ದೋಷಗಳಿದ್ದವು, 20 ಎಂದು ಕಂಡೊಡನೆ ನೆಮ್ಮದಿಯಾಗದೆ ಕೊನೆಯ ಅಂಕಿಗಳನ್ನೂ ಓದಿ. ಸ್ಯಾಸ್3008ಕ್ಕೆ 16.00.12.00. ಅದಕ್ಕಿಂತ ಹಿಂದಿನ 16ರಲ್ಲಿ ಸಾಟಾ ಡಿಸ್ಕ್ ಇರುವಾಗ ಕಂಟ್ರೋಲರ್ ತಾನಾಗಿ ರೀಸೆಟ್ ಆಗುವ ದೋಷವಿತ್ತು.

9211-8ಐ ಕಾರ್ಡನ್ನು ಐಆರ್‌ನಿಂದ ಐಟಿಗೆ ತರುವ ಕ್ರಮ ಹೀಗೆ:

1. ಎಲ್ಲ ಡಿಸ್ಕ್ ಕೇಬಲ್ ಬಿಚ್ಚಿ. ಯಂತ್ರದಲ್ಲಿ ಬೇರೆ ಎಲ್‌ಎಸ್‌ಐ ಕಾರ್ಡ್ ಇದ್ದರೆ ಅದನ್ನೂ ತೆಗೆಯಿರಿ, ತಪ್ಪು ಕಾರ್ಡ್ ಅಳಿಸಿದ ಪ್ರಸಂಗಗಳಿವೆ.
2. ಕಾರ್ಡ್‌ನ ಹಿಂಬದಿಯ ಚೀಟಿಯಲ್ಲಿರುವ 16 ಅಕ್ಷರದ ಸ್ಯಾಸ್ ವಿಳಾಸ ಬರೆದಿಟ್ಟುಕೊಳ್ಳಿ. ಅದು 500605ಬಿ ಎಂದು ಶುರುವಾಗುತ್ತದೆ.
3. ಯುಇಎಫ್‌ಐ ಶೆಲ್‌ನಿಂದ ಬೂಟ್ ಮಾಡಿ. ಡಾಸ್ ಆವೃತ್ತಿಯ ಉಪಕರಣ ಹೊಸ ಬೋರ್ಡ್‌ಗಳಲ್ಲಿ ಪಿಎಎಲ್ ಆರಂಭಿಸಲಾಗಲಿಲ್ಲ ಎಂದು ನಿಂತುಬಿಡುತ್ತದೆ.
4. ಸ್ಯಾಸ್2ಫ್ಲ್ಯಾಶ್ ಉಪಕರಣದ ಲಿಸ್ಟ್‌ಆಲ್ ಆಯ್ಕೆಯಿಂದ ಕಾರ್ಡ್ ಕಾಣುತ್ತಿದೆಯೇ ನೋಡಿ.
5. ಇ ಆಯ್ಕೆಗೆ 6 ಕೊಟ್ಟು ಹಳೆಯ ಫರ್ಮ್‌ವೇರ್ ಅಳಿಸಿ. ಇಲ್ಲಿಂದ ಮುಂದಿನ ಹೆಜ್ಜೆ ಮುಗಿಯುವವರೆಗೆ ಯಂತ್ರ ಆರಿಸಬಾರದು, ರೀಬೂಟ್ ಮಾಡಬಾರದು.
6. 2118ಐಟಿ ಕಡತ ಬರೆಯಿರಿ. ಬೂಟ್ ರಾಮ್ ಬರೆಯುವ ಆಯ್ಕೆಯನ್ನು ಬಿಟ್ಟುಬಿಡಿ.
7. ಬರೆದಿಟ್ಟ ಸ್ಯಾಸ್ ವಿಳಾಸವನ್ನು ಮರಳಿ ಹಾಕಿ, ಮತ್ತೊಮ್ಮೆ ಪಟ್ಟಿ ನೋಡಿ, ಆಮೇಲೆ ರೀಬೂಟ್.

ಬೂಟ್ ರಾಮ್ ಬಿಡುವುದಕ್ಕೆ ಕಾರಣವಿದೆ. ಅದು ಬೇಕಾಗುವುದು ಈ ಕಾರ್ಡ್‌ನ ಡಿಸ್ಕ್‌ನಿಂದಲೇ ಬೂಟ್ ಆಗಬೇಕಿದ್ದರೆ ಮಾತ್ರ. ಬೂಟ್ ಡಿಸ್ಕನ್ನು ಬೋರ್ಡ್‌ನ ಪೋರ್ಟ್‌ನಲ್ಲೋ ಎನ್‌ವಿಎಂಇಯಲ್ಲೋ ಇಟ್ಟುಕೊಂಡರೆ ಯಂತ್ರ ಬೇಗ ಏಳುತ್ತದೆ, ಕಾರ್ಡ್ ಕೆಟ್ಟರೂ ಕರ್ನಲ್ ಎದ್ದು ಏನಾಗಿದೆ ಎಂದು ಹೇಳುವ ಸ್ಥಿತಿಯಲ್ಲಿರುತ್ತದೆ.

ಎಂ1015, ಡೆಲ್ ಎಚ್310ಗಳಲ್ಲಿ ಮೆಗಾರೇಡ್ ಫರ್ಮ್‌ವೇರ್ ಇರುವುದರಿಂದ ಸ್ಯಾಸ್2ಫ್ಲ್ಯಾಶ್‌ಗೆ ಅವು ನೇರವಾಗಿ ಬಗ್ಗುವುದಿಲ್ಲ. ಮೊದಲು ಮೆಗಾರೆಕ್ ಉಪಕರಣದಿಂದ ಎಸ್‌ಬಿಆರ್ ಎಂಬ ಸಣ್ಣ ಸ್ಮೃತಿಯನ್ನು ಖಾಲಿ ಮಾಡಿ ಫ್ಲ್ಯಾಶ್ ಒರೆಸಬೇಕು. ಇಷ್ಟೆಲ್ಲ ಮಾಡುವ ಬದಲು ಐಟಿ ಫರ್ಮ್‌ವೇರ್ ಹಾಕಿಯೇ ಮಾರುವ ಕಾರ್ಡ್ ತರುವುದು ಬುದ್ಧಿವಂತಿಕೆ. ಡೆಲ್, ಐಬಿಎಂ ಕಾರ್ಡ್ ಹಾಕಿದಾಗ ಸಾಮಾನ್ಯ ಬೋರ್ಡ್ ಏಳದೇ ಕಪ್ಪು ಪರದೆ ತೋರಿಸಿದರೆ ಪಿಸಿಐ ಅಂಚಿನ ಬಿ5, ಬಿ6 ಪಿನ್‌ಗಳ ಮೇಲೆ ತೆಳುವಾದ ಇನ್ಸುಲೇಷನ್ ಟೇಪ್ ಅಂಟಿಸಿ ನೋಡಿ. ಆ ಪಿನ್‌ಗಳ ಎಸ್‌ಎಂಬಸ್ ಸಂಕೇತಗಳು ಬೋರ್ಡ್‌ನ ಜೊತೆ ತಾಕಲಾಡುವುದರಿಂದ ಹೀಗಾಗುತ್ತದೆ.

ಕೇಬಲ್, ಗಾಳಿ, ಕರೆಂಟ್

ಕಂಟ್ರೋಲರ್ ಕೆಟ್ಟಿದೆ ಎಂದು ವಾಪಸು ಕಳಿಸುವ ಎಷ್ಟೋ ಕಾರ್ಡ್‌ಗಳಲ್ಲಿ ದೋಷ ಇರುವುದಿಲ್ಲ.

6 ಗಿಗಾಬಿಟ್ ಕಾರ್ಡ್‌ಗಳ ಒಳ ಕನೆಕ್ಟರ್ ಎಸ್‌ಎಫ್‌ಎಫ್-8087, 12 ಗಿಗಾಬಿಟ್‌ನವುಗಳದ್ದು ಎಸ್‌ಎಫ್‌ಎಫ್-8643. ಎರಡರಲ್ಲೂ ನಾಲ್ಕು ಡಿಸ್ಕ್‌ಗೆ ಒಂದು ಕನೆಕ್ಟರ್. ಎಂಟು ಡಿಸ್ಕ್‌ಗೆ ಎರಡು ಕೇಬಲ್ ಬೇಕು. ಕೊಳ್ಳುವಾಗ ಫಾರ್ವರ್ಡ್ ಬ್ರೇಕ್‌ಔಟ್ ಎಂದು ಬರೆದಿರಬೇಕು: ಕಾರ್ಡ್‌ನಿಂದ ಹೊರಟು ನಾಲ್ಕು ಸಾಟಾ ಡಿಸ್ಕ್‌ಗೆ ಹೋಗುವುದು. ರಿವರ್ಸ್ ಬ್ರೇಕ್‌ಔಟ್ ಎಂಬುದು ಬೋರ್ಡ್‌ನ ನಾಲ್ಕು ಸಾಟಾ ಪೋರ್ಟ್‌ನಿಂದ ಬ್ಯಾಕ್‌ಪ್ಲೇನ್‌ಗೆ (ಡಿಸ್ಕ್‌ಗಳು ಬಂದು ಕೂರುವ ಫಲಕ) ಹೋಗುವುದು. ಎರಡೂ ನೋಡಲು ಒಂದೇ ಥರ, ಒಂದರ ಬದಲು ಇನ್ನೊಂದು ಹಾಕಿದರೆ ಒಂದು ಡಿಸ್ಕೂ ಕಾಣುವುದಿಲ್ಲ. ಸಾಟಾ ಡಿಸ್ಕ್‌ಗೆ ಕೇಬಲ್ ಉದ್ದ 1 ಮೀಟರ್ ಮೀರಬಾರದು, ಅರ್ಧ ಮೀಟರಿನಲ್ಲಿ ಮುಗಿದರೆ ಇನ್ನೂ ಒಳ್ಳೆಯದು.

ಈ ಕಾರ್ಡ್‌ಗಳನ್ನು ರೂಪಿಸಿದ್ದು ಸರ್ವರ್ ಚಾಸಿಯ ಬಿರುಗಾಳಿಗೆ. ಫ್ಯಾನ್ ಸದ್ದೇ ಕೇಳದ ಡೆಸ್ಕ್‌ಟಾಪ್ ಕೇಸ್‌ನಲ್ಲಿ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುತ್ತದೆ, ಮತ್ತೆ ಸ್ಕ್ರಬ್ ನಡುವೆ ಡಿಸ್ಕ್‌ಗಳು ಒಂದೊಂದಾಗಿ ಉದುರುತ್ತವೆ, ರೀಬೂಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ. ಈ ಲಕ್ಷಣ ಕಂಡರೆ ಬೇರೇನೂ ಹುಡುಕುವ ಮೊದಲು ಹೀಟ್‌ಸಿಂಕ್‌ಗೆ ಎದುರಾಗಿ 40 ಅಥವಾ 80 ಮಿಲಿಮೀಟರ್ ಫ್ಯಾನ್ ಕಟ್ಟಿ. ಬಳಸಿದ ಹಳೆಯ ಕಾರ್ಡ್ ಆದರೆ ಒಣಗಿದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಹಚ್ಚಿ.

3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟು ಡಿಸ್ಕ್ ಒಟ್ಟಿಗೆ ಎದ್ದರೆ 16 ಆಂಪಿಯರ್, ಅಂದರೆ 192 ವ್ಯಾಟ್. ಒಂದೇ ವಿದ್ಯುತ್ ಎಳೆಗೆ ಸ್ಪ್ಲಿಟರ್ ಮೇಲೆ ಸ್ಪ್ಲಿಟರ್ ಹಾಕಿದರೆ ಬೂಟ್ ಸಮಯದಲ್ಲಿ ಯಾವುದೋ ಎರಡು ಡಿಸ್ಕ್ ಕಾಣೆಯಾಗುತ್ತವೆ. ಬೈಗುಳ ಮಾತ್ರ ಕಂಟ್ರೋಲರ್‌ಗೆ. ಇನ್ನೊಂದು ವಿಚಿತ್ರ: ಕೆಲವು ಡಿಸ್ಕ್‌ಗಳಲ್ಲಿ ಸಾಟಾ ವಿದ್ಯುತ್ ಕನೆಕ್ಟರ್‌ನ 3ನೇ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ಆರಿಹೋಗುವ ಏರ್ಪಾಡಿದೆ. ಬಾಹ್ಯ ಪೆಟ್ಟಿಗೆಯಿಂದ ಬಿಚ್ಚಿ ತೆಗೆದ ಡಿಸ್ಕ್ ತಿರುಗದೇ ಇದ್ದರೆ 3.3 ವೋಲ್ಟ್ ತಂತಿಯಿಲ್ಲದ ಅಡಾಪ್ಟರ್ ಹಾಕಿ ನೋಡಿ.

ಎಸ್‌ಎಸ್‌ಡಿ ಹಾಕುವವರಿಗೆ ಒಂದು ಮಾತು. ಎಲ್‌ಎಸ್‌ಐ ಐಟಿ ಫರ್ಮ್‌ವೇರ್, ಖಾಲಿಯಾದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಆಜ್ಞೆಯನ್ನು ಎಲ್ಲ ಸಾಟಾ ಎಸ್‌ಎಸ್‌ಡಿಗಳಿಗೂ ದಾಟಿಸುವುದಿಲ್ಲ. ಟ್ರಿಮ್ ಆದ ಜಾಗವನ್ನು ಓದಿದರೆ ನಿಶ್ಚಿತವಾಗಿ ಸೊನ್ನೆಯನ್ನೇ ಕೊಡುತ್ತೇನೆ ಎಂದು ಘೋಷಿಸುವ ಎಸ್‌ಎಸ್‌ಡಿಗೆ ಮಾತ್ರ ದಾಟಿಸುತ್ತದೆ. ಎಚ್‌ಡಿಪಾರ್ಮ್‌ನ ದೊಡ್ಡಕ್ಷರದ ಐ ಆಯ್ಕೆಯಲ್ಲಿ ಇದು ಕಾಣುತ್ತದೆ. ಅಂಥ ಘೋಷಣೆ ಇಲ್ಲದವನ್ನು ಬೋರ್ಡ್‌ನ ಎಎಚ್‌ಸಿಐ ಪೋರ್ಟ್‌ಗೆ ಹಚ್ಚಿ.

ಡೇಟಾ ಇಡುವ ಮುನ್ನ ಪರೀಕ್ಷೆ

ಮೊದಲು ಲಿಂಕ್. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಆಜ್ಞೆಯ ವಿವರವಾದ ಔಟ್‌ಪುಟ್‌ನಲ್ಲಿ ಕಾರ್ಡ್‌ನ ಸಾಮರ್ಥ್ಯದ ಸಾಲು ಒಂದು, ಸದ್ಯದ ಸ್ಥಿತಿಯ ಸಾಲು ಇನ್ನೊಂದು. 8 ಲೇನ್‌ನ ಕಾರ್ಡ್ 4ರಲ್ಲಿ ಅಥವಾ 1ರಲ್ಲಿ ನಿಂತಿದ್ದರೆ ಸ್ಥಿತಿಯ ಸಾಲಿನಲ್ಲಿ ಗೊತ್ತಾಗುತ್ತದೆ. ಸ್ಲಾಟ್ ಬದಲಿಸಿ, ಅಂಚಿನ ಚಿನ್ನದ ಪಟ್ಟಿ ಒರೆಸಿ ಮತ್ತೆ ಕೂರಿಸಿ. ಫ್ರೀಬಿಎಸ್‌ಡಿಯಲ್ಲಿ ಇದೇ ಕೆಲಸಕ್ಕೆ ಪಿಸಿಐಕಾನ್ಫ್, ಫರ್ಮ್‌ವೇರ್ ಆವೃತ್ತಿಗೆ ಎಂಪಿಎಸ್‌ಯುಟಿಲ್ ಅಥವಾ ಎಂಪಿಆರ್‌ಯುಟಿಲ್, ಡಿಸ್ಕ್ ಪಟ್ಟಿಗೆ ಕ್ಯಾಮ್‌ಕಂಟ್ರೋಲ್.

ಆಮೇಲೆ ಪ್ರತಿ ಡಿಸ್ಕ್‌ನ ಸ್ಮಾರ್ಟ್ ಪಟ್ಟಿಯಲ್ಲಿ 199ನೇ ಅಂಶ, ಅಂದರೆ ಸಿಆರ್‌ಸಿ ದೋಷಗಳ ಎಣಿಕೆಯನ್ನು ಬರೆದಿಟ್ಟುಕೊಳ್ಳಿ. ಅದು ಎಂದೂ ಇಳಿಯುವುದಿಲ್ಲ, ಹಾಗಾಗಿ ಸಂಖ್ಯೆ ಎಷ್ಟಿದೆ ಎನ್ನುವುದಕ್ಕಿಂತ ಏರುತ್ತಿದೆಯೇ ಎನ್ನುವುದು ಮುಖ್ಯ. ಎಲ್ಲ ಡಿಸ್ಕ್‌ಗಳನ್ನು ಏಕಕಾಲಕ್ಕೆ ಮೊದಲಿನಿಂದ ಕೊನೆಯವರೆಗೆ ಓದಿಸಿ. ಡಿಸ್ಕ್ ಖಾಲಿಯಿದ್ದರೆ ಬ್ಯಾಡ್‌ಬ್ಲಾಕ್ಸ್‌ನಿಂದ ಬರೆದು ಓದಿಸುವುದು ಇನ್ನೂ ಒಳ್ಳೆಯದು, ದಿನಗಟ್ಟಲೆ ಹಿಡಿದರೂ ಸರಿ. ಒಂದೊಂದಾಗಿ ಓದಿಸಿದರೆ ಕಾರ್ಡ್ ಬಿಸಿಯಾಗುವುದಿಲ್ಲ, ವಿದ್ಯುತ್ ಮೇಲೆ ಭಾರ ಬೀಳುವುದಿಲ್ಲ, ಪರೀಕ್ಷೆ ಮಾಡಿದ ಸಮಾಧಾನ ಮಾತ್ರ ಸಿಗುತ್ತದೆ. ಓಡುತ್ತಿರುವಾಗ ಕರ್ನಲ್ ಲಾಗ್‌ನಲ್ಲಿ ರೀಸೆಟ್, ಟೈಮ್‌ಔಟ್ ಪದಗಳಿಗೆ ಕಣ್ಣಿಡಿ.

199 ಏರಿತು ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಎರಡು ಡಿಸ್ಕ್‌ಗಳ ಕೇಬಲ್ ತುದಿಗಳನ್ನು ಅದಲುಬದಲು ಮಾಡಿ ಮತ್ತೆ ಓದಿಸಿ. ದೋಷ ಡಿಸ್ಕ್ ಜೊತೆ ಹೋದರೆ ಡಿಸ್ಕ್‌ನ ಕನೆಕ್ಟರ್ ನೋಡಿ. ಕೇಬಲ್ ತುದಿಯ ಜೊತೆ ಉಳಿದರೆ ಹೊಸ ಕೇಬಲ್ ಹಾಕಿ. ಹೊಸ ಕೇಬಲ್‌ನಲ್ಲೂ ಅದೇ ಪೋರ್ಟ್‌ನಲ್ಲೇ ಬಂದರೆ ಆಗ ಕಾರ್ಡನ್ನು ಸಂಶಯಿಸಿ.

ಡೆಸ್ಕ್‌ಟಾಪ್ ದರ್ಜೆಯ ಡಿಸ್ಕ್‌ಗಳಿದ್ದರೆ ಇನ್ನೊಂದು ಹೊಂದಾಣಿಕೆ ಬೇಕು. ಕೆಟ್ಟ ಸೆಕ್ಟರ್ ಓದಲು ಅವು ನಿಮಿಷಗಟ್ಟಲೆ ಹೆಣಗಬಲ್ಲವು, ಲಿನಕ್ಸ್ ಕಾಯುವುದು 30 ಸೆಕೆಂಡ್. ಕಾದು ಸಾಕಾಗಿ ಕರ್ನಲ್ ಲಿಂಕ್ ರೀಸೆಟ್ ಮಾಡುತ್ತದೆ, ಒಂದು ಸೆಕ್ಟರ್‌ನ ದೋಷ ಇಡೀ ಡಿಸ್ಕ್ ಹೊರಬಿದ್ದಂತೆ ಕಾಣುತ್ತದೆ. ಸ್ಮಾರ್ಟ್‌ಸಿಟಿಎಲ್‌ನ ಎಸ್‌ಸಿಟಿಇಆರ್‌ಸಿ ಆಯ್ಕೆಗೆ 70,70 ಕೊಟ್ಟರೆ ಓದು, ಬರಹ ಎರಡಕ್ಕೂ 7 ಸೆಕೆಂಡಿನ ಮಿತಿ ಬೀಳುತ್ತದೆ. ಕರೆಂಟ್ ಹೋಗಿ ಬಂದರೆ ಇದು ಮರೆತುಹೋಗುತ್ತದೆ, ಆದ್ದರಿಂದ ಬೂಟ್ ಸ್ಕ್ರಿಪ್ಟ್‌ನಲ್ಲಿ ಸೇರಿಸಿ. ಡಿಸ್ಕ್ ಇದನ್ನು ಒಪ್ಪದಿದ್ದರೆ ಆ ಡಿಸ್ಕ್‌ನ ಟೈಮ್‌ಔಟನ್ನು 180 ಸೆಕೆಂಡಿಗೆ ಏರಿಸಿ.

ಕೊನೆಗೆ, ಪೂಲ್ ಕಟ್ಟುವಾಗ ಎಸ್‌ಡಿಎ, ಎಸ್‌ಡಿಬಿ ಹೆಸರುಗಳನ್ನು ಬಳಸಬೇಡಿ, ಎಚ್‌ಬಿಎ ಸೇರಿದ ಮೇಲೆ ಅವು ಬೂಟ್‌ನಿಂದ ಬೂಟ್‌ಗೆ ಬದಲಾಗುತ್ತವೆ. ಲಿನಕ್ಸ್‌ನಲ್ಲಿ ಬೈ-ಐಡಿ ಡೈರೆಕ್ಟರಿಯ ಹೆಸರು, ಫ್ರೀಬಿಎಸ್‌ಡಿಯಲ್ಲಿ ಜಿಪಿಟಿ ಲೇಬಲ್ ಕೊಡಿ. ಪ್ರತಿ ಡಿಸ್ಕ್‌ನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು, ಡಿಸ್ಕ್ ಹೊರಗೆಳೆಯದೆಯೇ ಕಾಣುವಂತೆ ಟ್ರೇ ಮುಂಭಾಗಕ್ಕೆ ಅಂಟಿಸಿ. ಕಾರ್ಡ್‌ನ ಚಿಪ್, ಫರ್ಮ್‌ವೇರ್ ಆವೃತ್ತಿ, ಸ್ಯಾಸ್ ವಿಳಾಸ ಬರೆದ ಇನ್ನೊಂದು ಚೀಟಿ ಕೇಸ್‌ನ ಒಳಬದಿಗೆ ಇರಲಿ.